ಮೈಸೂರಲ್ಲಿ ಅರಮನೆ, ಝೂ ಆಯ್ತು, ಇನ್ನೇನು ನೋಡೋದು? ಯೂನಿವರ್ಸಿಟಿ ಊರನ್ನ ಸುತ್ತೋ ದಾರಿ, ಹಂತ ಹಂತವಾಗಿ

ಅರಮನೆ ನೋಡಿದ್ವಿ, ಝೂ ಆಯ್ತು, ಬೆಟ್ಟ ಹತ್ತಿ ಬಂದ್ವಿ, ಕೆಆರ್‌ಎಸ್‌ಗೂ ಹೋಗಿದ್ವಿ, ಇನ್ನೇನಿದೆ ನಿಮ್ಮ ಊರಲ್ಲಿ ಅಂತ ತುಂಬಾ ಜನ ಕೇಳ್ತಾನೇ ಇರ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಒಂದೇ ಕಡೆ ಬರೆದುಬಿಡೋಣ ಅಂತ ಇದನ್ನ ಬರೀತಿದ್ದೀನಿ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಮೈಸೂರು ರಾಜರ ಊರು ಎಷ್ಟೋ, ಅಷ್ಟೇ ಯೂನಿವರ್ಸಿಟಿ ಊರು ಕೂಡ. 1916ರ ಜುಲೈ 27ಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ವಿಶ್ವವಿದ್ಯಾನಿಲಯ ಇದು, ಬ್ರಿಟಿಷರ ನೇರ ಆಡಳಿತ ಇಲ್ಲದ ಸಂಸ್ಥಾನವೊಂದು ಕಟ್ಟಿದ ಮೊದಲನೇ ಯೂನಿವರ್ಸಿಟಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಈ ನೂರು ವರ್ಷದಲ್ಲಿ ಊರಿನ ಅರ್ಧ ನಿಧಿ ಅದರ ಕೈಗೆ ಸೇರಿದೆ, ಬಂಗಲೆ, ಕೆರೆ, ತಾಳೆಗರಿ ಕಟ್ಟು, ಸೋಮನ ಮುಖವಾಡ ಎಲ್ಲಾ. ಆದ್ರೆ ಇವೆಲ್ಲಾ ಟೂರಿಸ್ಟ್‌ಗಳಿಗೆ ಅಂತ ಇಟ್ಟ ಜಾಗಗಳಲ್ಲ, ಜನ ಕೆಲಸ ಮಾಡೋ, ಓದೋ ಜಾಗಗಳು. ಅದಕ್ಕೇ ಟಿಕೆಟ್ ಕೌಂಟರ್ ಹುಡುಕಿದ್ರೆ ಸಿಗಲ್ಲ, ಕೇಳಿ ಒಳಗೆ ಹೋಗ್ಬೇಕು. ಹೆಂಗೆ ಕೇಳೋದು, ಯಾವಾಗ ಹೋಗೋದು ಅನ್ನೋದೇ ಈ ಲೇಖನದ ಮುಖ್ಯ ವಿಷಯ.

1. ದಿನ ಆರಿಸ್ಕೊಳ್ಳಿ

ಎಲ್ಲರೂ ಎಡವೋದು ಇಲ್ಲೇ. ಭಾನುವಾರ ಬರ್ತಾರೆ. ಭಾನುವಾರ ಅರಮನೆಗೆ ಸರಿ, ಸಂಜೆ ದೀಪ ಹಾಕ್ತಾರೆ, ನೋಡೋಕೆ ಚೆನ್ನಾಗಿರುತ್ತೆ, ಆದ್ರೆ ಯೂನಿವರ್ಸಿಟಿ ಕಡೆ ಎಲ್ಲಾ ಬಾಗಿಲು ಹಾಕಿರುತ್ತೆ. ಸರ್ಕಾರಿ ರಜಾ ದಿನಾನೂ ಅಷ್ಟೇ. ಎರಡನೇ ಶನಿವಾರ, ನಾಲ್ಕನೇ ಶನಿವಾರ ಕೂಡ ನಂಬಬೇಡಿ. ಹಂಗಾಗಿ ವಾರದ ಮಧ್ಯೆ ಎರಡು ದಿನ ಇಟ್ಕೊಳ್ಳಿ, ಬುಧವಾರ-ಗುರುವಾರ ಆದ್ರೆ ಒಳ್ಳೇದು, ಯಾಕಂದ್ರೆ ಊರಿನ ಕೆಲವು ಮ್ಯೂಸಿಯಂಗಳಿಗೆ ಸೋಮವಾರವೋ ಮಂಗಳವಾರವೋ ವಾರದ ರಜೆ ಇರುತ್ತೆ.

ದಸರಾ ಟೈಮಲ್ಲಿ ಈ ಸುತ್ತಾಟ ಬೇಡ. ದಸರಾ ನೋಡೋದೇ ಆದ್ರೆ ದಸರಾಗೇ ಬನ್ನಿ, ಎರಡನ್ನೂ ಒಟ್ಟಿಗೆ ಮಾಡೋಕೆ ಹೋದ್ರೆ ಟ್ರಾಫಿಕ್‌ನಲ್ಲೇ ದಿನ ಕಳೆದುಹೋಗುತ್ತೆ. ನನ್ನ ಕೇಳಿದ್ರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಬನ್ನಿ, ಬಿಸಿಲು ಕಮ್ಮಿ, ಕೆರೇಲಿ ಹಕ್ಕಿಗಳೂ ಇರ್ತವೆ.

2. ಏನೇನು ಕೈಲಿರಬೇಕು

ಆಧಾರ್ ಅಥವಾ ಕಾಲೇಜ್ ಐಡಿ, ಒಂದು ಸಣ್ಣ ನೋಟ್‌ಬುಕ್ಕು, ಪೆನ್ನಿನ ಜೊತೆ ಒಂದು ಪೆನ್ಸಿಲ್. ಪೆನ್ಸಿಲ್ ಯಾಕೆ ಅಂದ್ರೆ ಹಳೇ ಹಸ್ತಪ್ರತಿ ಇರೋ ಕಡೆ ಇಂಕ್ ಪೆನ್ ತೆಗೆಯೋದು ಒಳ್ಳೇದಲ್ಲ, ಒಂದು ಹನಿ ಬಿದ್ರೂ ಹೋಯ್ತು. ಹಸ್ತಪ್ರತಿ ಅಂದ್ರೆ ಅಚ್ಚು ಮಾಡಿದ್ದಲ್ಲ, ತಾಳೆಗರಿ ಮೇಲೋ ಕಾಗದದ ಮೇಲೋ ಕೈಯಲ್ಲಿ ಬರೆದ ಪುಸ್ತಕ. ನೀವು ಎಂ.ಎ. ಅಥವಾ ಪಿಎಚ್‌ಡಿ ಮಾಡ್ತಿದ್ರೆ ನಿಮ್ಮ ಡಿಪಾರ್ಟ್‌ಮೆಂಟ್ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ತಗೊಂಡು ಬನ್ನಿ, ಅದೊಂದು ಪತ್ರ ಇದ್ರೆ ಎಷ್ಟೋ ಬಾಗಿಲು ಬೇಗ ತೆಗೀತವೆ.

ಓಡಾಡೋಕೆ ಸಿಟಿ ಬಸ್ ಸಾಕು, ಸಿಟಿ ಬಸ್ ಸ್ಟ್ಯಾಂಡಿಂದ ಮಾನಸಗಂಗೋತ್ರಿ, ಅಂದ್ರೆ ಯೂನಿವರ್ಸಿಟಿ ಕ್ಯಾಂಪಸ್ ಕಡೆ ಬಸ್ ಇರ್ತವೆ. ಹೆಣ್ಮಕ್ಕಳಿಗೆ ಶಕ್ತಿ ಯೋಜನೇಲಿ ಟಿಕೆಟ್‌ಗೆ ದುಡ್ಡಿಲ್ಲ, ಕರ್ನಾಟಕದ ವಿಳಾಸ ಇರೋ ಐಡಿ ತೋರಿಸ್ಬೇಕು ಅಷ್ಟೇ. ಆಟೋ ಹತ್ತೋರಿಗೆ ಒಂದು ಎಚ್ಚರಿಕೆ: ಅರಮನೆ ಹತ್ರ ನಿಂತ್ಕೊಂಡು "ಐವತ್ತು ರೂಪಾಯಿಗೆ ಊರೆಲ್ಲಾ ತೋರಿಸ್ತೀನಿ ಬನ್ನಿ ಸಾರ್" ಅನ್ನೋರು ಸಿಕ್ರೆ ನಯವಾಗಿ ಬೇಡ ಅನ್ನಿ. ಅದು ಊರು ತೋರಿಸೋ ಟ್ರಿಪ್ಪಲ್ಲ, ಸೆಂಟ್ ಎಣ್ಣೆ, ಊದುಬತ್ತಿ, ಸೀರೆ ಅಂಗಡಿಗಳಿಗೆ ನಿಮ್ಮನ್ನ ಇಳಿಸೋ ಟ್ರಿಪ್ಪು. ಮೀಟರ್ ಹಾಕೋರನ್ನ ನೋಡಿ ಹತ್ತಿ, ಇಲ್ಲಾ ಆಪ್‌ನಲ್ಲಿ ಬುಕ್ ಮಾಡಿ.

3. ಮೊದಲ ದಿನ ಬೆಳಗ್ಗೆ: ಕುಕ್ಕರಹಳ್ಳಿ ಕೆರೆ

ಆರು ಗಂಟೆಗೆಲ್ಲಾ ಎದ್ದು ಇಲ್ಲಿಗೆ ಬನ್ನಿ. ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ್ದು, 1864ರಲ್ಲಿ ಕಟ್ಟಿಸಿದ್ದು, ಈಗ ಯೂನಿವರ್ಸಿಟಿ ಸುಪರ್ದಿಯಲ್ಲಿದೆ. ಊರಿನ ಅರ್ಧ ಜನ ವಾಕಿಂಗ್‌ಗೆ ಇಲ್ಲೇ ಬರ್ತಾರೆ, ಹಂಗಾಗಿ ಒಬ್ಬರೇ ಬಂದ್ರೂ ಭಯ ಇಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ ಇವೆಲ್ಲಾ ಇಲ್ಲಿ ಕಾಣ್ತವೆ. ಮಂಡ್ಯ ಜಿಲ್ಲೆ ಕೊಕ್ಕರೆಬೆಳ್ಳೂರಿಗೆ ಹೋಗಿ ಬಂದೋರಿಗೆ ಇವು ಹಳೇ ಪರಿಚಯದ ಹಕ್ಕಿಗಳು.

ಕುವೆಂಪು ಅವರು ಓಡಾಡಿದ ಏರಿ ಇದು. ಅವರ ಕವಿತೆ ಓದಿರೋರು ಒಂದು ಸುತ್ತು ಫೋನ್ ಜೇಬಲ್ಲಿಟ್ಟು ನಡೀರಿ, ನಾನು ಹೇಳೋದಕ್ಕಿಂತ ಹೆಚ್ಚು ಗೊತ್ತಾಗುತ್ತೆ. ಗೇಟು ಬೆಳಗ್ಗೆ ಮತ್ತೆ ಸಂಜೆ ತೆಗೆದಿರುತ್ತೆ, ಮಧ್ಯಾಹ್ನ ಬಂದು ವಾಪಸ್ ಹೋಗೋರೇ ಜಾಸ್ತಿ. ಹಕ್ಕಿಗೆ, ಮೀನಿಗೆ ಬ್ರೆಡ್ಡು ಪುರಿ ಎಸೀಬೇಡಿ ದಯವಿಟ್ಟು, ನೀರು ಹಾಳಾಗುತ್ತೆ.

4. ಹತ್ತು ಗಂಟೆ ಮೇಲೆ: ಮಾನಸಗಂಗೋತ್ರಿ

ಕೆರೆ ಪಕ್ಕದಲ್ಲೇ ಕ್ಯಾಂಪಸ್. ಕುವೆಂಪು ಕುಲಪತಿ ಆಗಿದ್ದಾಗ, ಅಂದ್ರೆ 1956ರಿಂದ 60ರ ನಡುವೆ, ಸ್ನಾತಕೋತ್ತರ ವಿಭಾಗಗಳನ್ನೆಲ್ಲಾ ಇಲ್ಲಿಗೆ ತರೋ ಯೋಜನೆ ಆಗಿದ್ದು, ಹೆಸರಿಟ್ಟಿದ್ದೂ ಅವರೇ. ತುಂಬಾ ದೊಡ್ಡ ಜಾಗ, ಎಲ್ಲಾ ನೋಡ್ತೀನಿ ಅಂತ ಹೊರಟ್ರೆ ಕಾಲು ನೋವು ಬರುತ್ತೆ, ಏನೂ ನೋಡಿದಂಗಾಗಲ್ಲ. ಮೂರು ಕಡೆ ಹೋಗಿ ಸಾಕು.

ಮೊದಲನೇದು ಜಯಲಕ್ಷ್ಮೀ ವಿಲಾಸ ಬಂಗಲೆ. ಇದರ ಕಥೆ ಗೊತ್ತಿದ್ರೆ ನೋಡೋ ರೀತೀನೇ ಬೇರೆ ಆಗುತ್ತೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಹಳೇ ಮರದ ಅರಮನೆಗೆ ಬೆಂಕಿ ಬಿತ್ತು, ಆಮೇಲೆ ಕಟ್ಟಿದ್ದೇ ಈಗ ಎಲ್ಲರೂ ಸೆಲ್ಫಿ ತಗೊಳ್ಳೋ ಅರಮನೆ, 1912ಕ್ಕೆ ಮುಗೀತು. ಅದೇ ರಾಜಕುಮಾರಿಗೆ ಅಂತ 1905ರ ಹೊತ್ತಿಗೆ ಕಟ್ಟಿಸಿದ ಬಂಗಲೆ ಇದು. ಒಳಗೆ ಕೆತ್ತನೆ ಮಾಡಿದ ಮರದ ಕಂಬಗಳು, ಬಣ್ಣದ ಗಾಜು. ಇಲ್ಲೇ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯ್ತು, ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಇವರೆಲ್ಲಾ ಊರೂರು ಅಲೆದು ಸೇರಿಸಿದ್ದು, 6,000ಕ್ಕೂ ಹೆಚ್ಚು ವಸ್ತುಗಳು.

ಇಲ್ಲಿ ಎರಡು ವಸ್ತುಗಳ ಮುಂದೆ ಟೈಮ್ ತಗೊಂಡು ನಿಲ್ಲಿ. ಒಂದು ಸೋಮನ ಮುಖವಾಡ. ನಮ್ಮ ಮಂಡ್ಯ-ಮೈಸೂರು ಕಡೆ ಗ್ರಾಮದೇವತೆ ಹಬ್ಬದಲ್ಲಿ ಸೋಮನ ಕುಣಿತ ನೋಡಿರೋರಿಗೆ ಆ ದೊಡ್ಡ ಕಣ್ಣು, ಆ ಕೆಂಪು ಬಣ್ಣ ಗೊತ್ತೇ ಇರುತ್ತೆ, ಆದ್ರೆ ಹಬ್ಬದಲ್ಲಿ ತಮಟೆ ಸದ್ದಿಗೆ, ಗದ್ದಲಕ್ಕೆ ಅದರ ಕೆಲಸಗಾರಿಕೆ ಕಾಣಲ್ಲ. ಇಲ್ಲಿ ಹತ್ರದಿಂದ ನೋಡ್ಬಹುದು, ಹುಬ್ಬು ಹೆಂಗೆ ಎತ್ತಿದ್ದಾರೆ, ಮೀಸೆ ಹೆಂಗೆ ತಿದ್ದಿದ್ದಾರೆ ಅಂತ. ಇನ್ನೊಂದು ತೊಗಲುಗೊಂಬೆ. ತೊಗಲು ಅಂದ್ರೆ ಚರ್ಮ, ಹದ ಮಾಡಿ ತೆಳ್ಳಗೆ ಮಾಡಿ ಬಣ್ಣ ಹಾಕಿ ಸಣ್ಣ ಸಣ್ಣ ತೂತು ಹೊಡೆದಿರ್ತಾರೆ, ಹಿಂದಿನಿಂದ ದೀಪ ಬಿದ್ರೆ ಆ ತೂತುಗಳೇ ಒಡವೆ ಥರ ಹೊಳೀತವೆ. ನಮ್ಮ ಕಡೆ ಗೊಂಬೆಗಳಲ್ಲಿ ಒಂದೇ ದೊಡ್ಡ ತೊಗಲಲ್ಲಿ ಇಡೀ ಒಂದು ಸನ್ನಿವೇಶ, ನಾಲ್ಕೈದು ಪಾತ್ರ, ಮರ, ರಥ ಎಲ್ಲಾ ಬರೆದಿರೋದೂ ಉಂಟು. ಯಾವ ಪ್ರಸಂಗ ಅಂತ ಗುರುತಿಸೋಕೆ ಪ್ರಯತ್ನ ಮಾಡಿ, ಮಕ್ಕಳು ಜೊತೇಲಿದ್ರೆ ಇದಕ್ಕಿಂತ ಒಳ್ಳೆ ಆಟ ಇಲ್ಲ.

ಎಚ್ಚರಿಕೆ ಏನಂದ್ರೆ ಈ ಬಂಗಲೆ ಹಳೇದು, ದುರಸ್ತಿಗೆ ಅಂತ ಮುಚ್ಚಿದ ಕಾಲವೂ ಉಂಟು, ಕೆಲವು ಸಲ ಕೆಲವು ಕೋಣೆ ಮಾತ್ರ ತೆಗೆದಿರ್ತಾರೆ. ಬರೋ ಮುಂಚೆ ಯೂನಿವರ್ಸಿಟಿ ವೆಬ್‌ಸೈಟಲ್ಲಿರೋ ನಂಬರ್‌ಗೆ ಫೋನ್ ಮಾಡಿ ಕೇಳಿ. ನೆಟ್‌ನಲ್ಲಿ ಹಾಕಿರೋ ಟೈಮಿಂಗ್ಸ್ ನಂಬ್ಕೊಂಡು ದೂರದಿಂದ ಬರಬೇಡಿ.

ಎರಡನೇದು ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ. ಹೊರಗಿಂದ ನೋಡಿದ್ರೆ ಸಾಮಾನ್ಯ ಕಟ್ಟಡ, ಆದ್ರೆ ಕನ್ನಡ ವಿಶ್ವಕೋಶದ 14 ಸಂಪುಟಗಳ ಹಿಂದಿರೋ ಮನೆ ಇದು. ಶಾಸನಗಳ ದೊಡ್ಡ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಸಂಪುಟಗಳು ಬಂದಿದ್ದೂ ಇಲ್ಲಿಂದ. ನಿಮ್ಮ ಊರಿನ ಶಾಸನ ಅದರಲ್ಲಿ ಇದೆಯಾ ಅಂತ ಹುಡುಕಿ. ಸಂಪುಟಗಳು ತಾಲ್ಲೂಕುವಾರು ಇವೆ, ಊರಿನ ಹೆಸರು ಗೊತ್ತಿದ್ರೆ ಸಾಕು. ಮದ್ದೂರು, ನಾಗಮಂಗಲ, ಟಿ. ನರಸೀಪುರ ಕಡೆಯೋರಿಗೆ ಬಹುಪಾಲು ಸಿಗುತ್ತೆ. ನಿಮ್ಮೂರ ದೇವಸ್ಥಾನದ ಕಲ್ಲಲ್ಲಿ ಏನು ಬರೆದಿದೆ ಅಂತ ಓದಿದ ಮೇಲೆ ಊರಿಗೆ ಹೋಗೋ ಖುಷಿ ಬೇರೆ ಇರುತ್ತೆ, ಇದನ್ನ ನಾನು ಎಲ್ಲರಿಗೂ ಒತ್ತಾಯ ಮಾಡಿ ಹೇಳ್ತೀನಿ.

ಮೂರನೇದು ಪ್ರಸಾರಾಂಗ, ಅಂದ್ರೆ ಯೂನಿವರ್ಸಿಟಿಯ ಪುಸ್ತಕ ಪ್ರಕಟಣೆ ವಿಭಾಗ. ಬೇರೆ ಅಂಗಡೀಲಿ ಸಿಗದ ಪುಸ್ತಕ ಇಲ್ಲಿ ಕಮ್ಮಿ ಬೆಲೆಗೆ ಸಿಗೋ ಚಾನ್ಸ್ ಇರುತ್ತೆ. ಲಂಚ್ ಟೈಮಲ್ಲಿ ಹೋಗಬೇಡಿ.

5. ಎರಡನೇ ದಿನ: ಓರಿಯಂಟಲ್ ಲೈಬ್ರರಿ, ಇಡೀ ಸುತ್ತಾಟದಲ್ಲಿ ಬಿಡಲೇಬಾರದ ಜಾಗ

ಕೃಷ್ಣರಾಜ ಬುಲವಾರ್ಡ್‌ನಲ್ಲಿ, ಮರಗಳ ನೆರಳಲ್ಲಿರೋ ಕಂಬಗಳ ಕಟ್ಟಡ. ಹಳಬರು ಈಗಲೂ ಓರಿಯಂಟಲ್ ಲೈಬ್ರರಿ ಅಂತಾನೇ ಅನ್ನೋದು, ಬೋರ್ಡ್ ಮೇಲೆ ಪ್ರಾಚ್ಯವಿದ್ಯಾ ಸಂಶೋಧನಾಲಯ ಅಂತ ಇರುತ್ತೆ. ಕಟ್ಟಡ 1887ರದ್ದು, ಲೈಬ್ರರಿ ಶುರುವಾಗಿದ್ದು 1891ರಲ್ಲಿ, ಯೂನಿವರ್ಸಿಟಿ ಆದಮೇಲೆ ಅದರ ಕೈಗೆ ಬಂತು.

ಕೌಟಿಲ್ಯನ ಅರ್ಥಶಾಸ್ತ್ರ ಅಂತ ಇವತ್ತು ಎಲ್ಲರೂ ಹೆಸರು ಹೇಳ್ತಾರಲ್ಲ, ಅದು ಶತಮಾನಗಳ ಕಾಲ ಹೆಸರಷ್ಟೇ ಉಳಿದು ಪಠ್ಯ ಸಿಗದೇ ಹೋಗಿತ್ತು. ತಂಜಾವೂರು ಕಡೆಯ ಪಂಡಿತರೊಬ್ಬರು ಈ ಲೈಬ್ರರಿಗೆ ತಂದುಕೊಟ್ಟ ತಾಳೆಗರಿ ಕಟ್ಟಲ್ಲಿ ಅದು ಇತ್ತು. ಇಲ್ಲಿ ಲೈಬ್ರೇರಿಯನ್ ಆಗಿದ್ದ ಆರ್. ಶಾಮಶಾಸ್ತ್ರಿಗಳು 1905ರ ಹೊತ್ತಿಗೆ ಅದನ್ನ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ರು, 1915ರಲ್ಲಿ ಇಂಗ್ಲಿಷ್ ಅನುವಾದವೂ ಬಂತು. ಬರೆದಿದ್ದು ಗ್ರಂಥ ಲಿಪಿಯಲ್ಲಿ. ಗ್ರಂಥ ಅಂದ್ರೆ ಇಲ್ಲಿ ಪುಸ್ತಕ ಅಂತ ಅಲ್ಲ, ತಮಿಳುನಾಡು ಕಡೆ ಸಂಸ್ಕೃತ ಬರೆಯೋಕೆ ಬಳಸ್ತಿದ್ದ ಲಿಪಿ. ಹಳೇ ಭಾರತದಲ್ಲಿ ರಾಜ್ಯಶಾಸ್ತ್ರ ಇರ್ಲಿಲ್ಲ ಅಂತ ಹೇಳ್ತಿದ್ದೋರ ಬಾಯಿ ಮುಚ್ಚಿಸಿದ ಪುಸ್ತಕ ಈ ಕಟ್ಟಡದಿಂದ ಹೊರಗೆ ಬಂತು ಅನ್ನೋದು ಮೈಸೂರಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ, ಅದು ನಂಗೆ ನಿಜಕ್ಕೂ ಬೇಜಾರು.

ಹೆಂಗೆ ಹೋಗೋದು ಅಂದ್ರೆ, ಮೊದಲು ಆಫೀಸಿಗೆ ಹೋಗಿ, ಹೆಸರು ಹೇಳಿ, ಯಾಕೆ ಬಂದಿದ್ದೀನಿ ಅಂತ ನೇರವಾಗಿ ಹೇಳಿ. "ಸಾರ್, ತಾಳೆಗರಿ ಹೆಂಗಿರುತ್ತೆ ನೋಡ್ಬೇಕಿತ್ತು" ಅಂದ್ರೂ ಸಾಕು, ನಾಚ್ಕೋಬೇಡಿ. ರಿಸರ್ಚ್‌ಗೆ ಆದ್ರೆ ಯಾವ ಕೃತಿ ಬೇಕು ಅಂತ ಕ್ಯಾಟಲಾಗ್, ಅಂದ್ರೆ ಇರೋ ಪ್ರತಿಗಳ ಪಟ್ಟಿ ನೋಡ್ಕೊಂಡು ನಂಬರ್ ಬರ್ಕೊಂಡು ಹೋಗಿ, ಇದರಿಂದ ಅಲ್ಲಿಯವರಿಗೂ ನಿಮಗೂ ಟೈಮ್ ಉಳಿಯುತ್ತೆ. ಮೂಲ ಪ್ರತಿ ಎಲ್ಲರ ಕೈಗೂ ಕೊಡಲ್ಲ, ಕೊಡಲೂಬಾರದು, ಅದಕ್ಕೆ ಸಿಟ್ಟಾಗ್ಬೇಡಿ.

ತಾಳೆಗರಿ ನೋಡೋ ಅವಕಾಶ ಸಿಕ್ರೆ ಇದನ್ನ ಗಮನಿಸಿ: ಗರಿ ಮೇಲೆ ಅಕ್ಷರ ಬರೆದಿರಲ್ಲ, ಕೊರೆದಿರ್ತಾರೆ. ಕಂಠ ಅಂತ ಚೂಪಾದ ಕಬ್ಬಿಣದ ಕಡ್ಡಿಯಿಂದ ಕೊರೆದು ಮೇಲೆ ಮಸಿ ಸವರಿ ಒರೆಸ್ತಾರೆ, ಕೊರೆದ ಗೆರೆಯೊಳಗೆ ಮಾತ್ರ ಕಪ್ಪು ಉಳಿಯುತ್ತೆ. ಗರಿಯಲ್ಲಿ ತೂತು, ಅದರಲ್ಲಿ ದಾರ, ಮೇಲೆ ಕೆಳಗೆ ಮರದ ಹಲಗೆ, ಇಷ್ಟೇ ಬೈಂಡಿಂಗು. ಒಣಗಿ ಪುಡಿಯಾಗದಿರಲಿ, ಹುಳ ಬೀಳದಿರಲಿ ಅಂತ ನಿಂಬೆಹುಲ್ಲಿನ ಎಣ್ಣೆ ಥರದ್ದು ಸವರ್ತಾರೆ. ಬೆರಳಿಂದ ಮುಟ್ಟೋದು, ಫ್ಲ್ಯಾಶ್ ಹಾಕಿ ಫೋಟೋ ತೆಗೆಯೋದು, ಎರಡೂ ಬೇಡ. ಫೋಟೋಗೆ ಕೇಳಿ, ಬೇಡ ಅಂದ್ರೆ ಅಲ್ಲಿಗೆ ಬಿಟ್ಟುಬಿಡಿ.

ಮುಮ್ಮಡಿಯವರ ಕಾಲದ ಶ್ರೀತತ್ತ್ವನಿಧಿ ಅನ್ನೋ ಚಿತ್ರಗಳಿರೋ ಕೃತಿ ಬಗ್ಗೆಯೂ ಕೇಳಿ ನೋಡಿ, ಅದರ ಅಚ್ಚಾದ ಸಂಪುಟಗಳಿವೆ, ಮೈಸೂರು ಚಿತ್ರಕಲೆ ಇಷ್ಟ ಇರೋರಿಗೆ ಅದೊಂದು ನಿಧಿ.

6. ಅಲ್ಲಿಂದ ಕಾಲ್ನಡಿಗೆ: ಕ್ರಾಫರ್ಡ್ ಹಾಲ್, ಮಹಾರಾಜ ಕಾಲೇಜು

ಬುಲವಾರ್ಡ್ ಅಂದ್ರೆ ಮಧ್ಯೆ ಮರ ಇರೋ ಜೋಡಿ ರಸ್ತೆ, ಇಲ್ಲಿ ಆಟೋ ಹತ್ತೋದು ಪಾಪ. ಕ್ರಾಫರ್ಡ್ ಹಾಲ್ ಯೂನಿವರ್ಸಿಟಿ ಆಡಳಿತ ಕಚೇರಿ, ಹೊರಗಿಂದ ನೋಡಿ ಮುಂದೆ ಹೋಗಿ.

ಮಹಾರಾಜ ಕಾಲೇಜಲ್ಲಿ ಸ್ವಲ್ಪ ನಿಲ್ಲಿ. ಎಸ್. ರಾಧಾಕೃಷ್ಣನ್ ಇಲ್ಲಿ 1918ರಿಂದ 21ರವರೆಗೆ ಫಿಲಾಸಫಿ ಪಾಠ ಮಾಡಿದ್ರು, ಕಲ್ಕತ್ತಾಗೆ ಹೊರಟಾಗ ಹುಡುಗರು ಹೂವಿನ ಸಾರೋಟಿಗೆ ಕುದುರೆ ಕಟ್ಟದೇ ತಾವೇ ಸ್ಟೇಷನ್‌ವರೆಗೂ ಎಳ್ಕೊಂಡು ಹೋದ್ರು. 1927ರಲ್ಲಿ ಕನ್ನಡ ಎಂ.ಎ. ಶುರುವಾದಾಗ ಓದಿದವರಲ್ಲಿ ಕುವೆಂಪು ಒಬ್ಬರು, ಮುಂದೆ ಇದೇ ಕಾಲೇಜಿಗೆ ಪ್ರಿನ್ಸಿಪಾಲ್ ಆದ್ರು. ಜೂನಿಯರ್ ಬಿಎ ಹಾಲ್ ಅನ್ನೋ ಹಳೇ ಕ್ಲಾಸ್‌ರೂಂ ನೋಡೋಕೆ ಆಗುತ್ತಾ ಅಂತ ಆಫೀಸಲ್ಲಿ ಕೇಳಿ. ಪಾಠ, ಪರೀಕ್ಷೆ ನಡೀತಿದ್ರೆ ಕೇಳೋಕೂ ಹೋಗ್ಬೇಡಿ, ಇದು ಹುಡುಗರು ಓದೋ ಕಾಲೇಜು.

ಪಕ್ಕದ ರಾಮಸ್ವಾಮಿ ಸರ್ಕಲ್ ದಾಟುವಾಗ ಗೊತ್ತಿರಲಿ, ಆ ಹೆಸರು 1947ರಲ್ಲಿ ಸಂಸ್ಥಾನದಲ್ಲಿ ಜನರ ಸರ್ಕಾರ ಬೇಕು ಅಂತ ನಡೆದ ಮೈಸೂರು ಚಲೋ ಚಳವಳೀಲಿ ಗುಂಡೇಟಿಗೆ ಬಲಿಯಾದ ವಿದ್ಯಾರ್ಥಿಯದು. ದಿನಾ ಲಕ್ಷಾಂತರ ಜನ ಓಡಾಡೋ ಜಾಗ, ಕಾರಣ ಗೊತ್ತಿರೋರು ಕಮ್ಮಿ.

7. ಮಧ್ಯಾಹ್ನ: ಜಗನ್ಮೋಹನ ಅರಮನೆ

ಇದಕ್ಕೆ ಟಿಕೆಟ್ ಇದೆ, ಫೋಟೋ ತೆಗೆಯೋ ಹಂಗಿಲ್ಲ. 1861ರಲ್ಲಿ ಕಟ್ಟಿದ್ದು, 1915ರಿಂದ ಚಿತ್ರಶಾಲೆ. ಎಲ್ಲರೂ ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರ ನೋಡೋಕೆ ನೇರ ಓಡ್ತಾರೆ. ನೋಡಲೇಬೇಕು ಅದನ್ನ, ಜಲವರ್ಣದಲ್ಲಿ ಆ ಬೆಳಕು ತಂದಿರೋದು ಸಣ್ಣ ಮಾತಲ್ಲ, ಬೆರಳ ಸಂದೀಲಿ ಕೆಂಪು ಹೆಂಗೆ ಬಂದಿದೆ ನೋಡಿ. ರವಿವರ್ಮರ ಚಿತ್ರಗಳೂ ಸೈ.

ಆದ್ರೆ ಜನ ಬಿಟ್ಟು ಬರೋದು ಗೋಡೆ ಚಿತ್ರಗಳನ್ನ. ಸಂತಾನಾಂಬುಜ ಅಂತ ಒಂದಿದೆ, ಒಡೆಯರ್ ವಂಶವನ್ನ ತಾವರೆ ಎಸಳುಗಳಲ್ಲಿ ಬರೆದಿರೋದು, ಎಸಳಿಗೊಬ್ಬರಂತೆ. ಕಾವಲುಗಾರರನ್ನ ಕೇಳಿದ್ರೆ ತೋರಿಸ್ತಾರೆ. ಗಂಟೆಗೆ ಸರಿಯಾಗಿ ಸಣ್ಣ ಸಿಪಾಯಿಗಳು ಓಡಾಡೋ ಹಳೇ ಫ್ರೆಂಚ್ ಗಡಿಯಾರವೂ ಇಲ್ಲೇ ಇದೆ, ಮಕ್ಕಳಿದ್ರೆ ಗಂಟೆ ಹೊಡೆಯೋಕೆ ಐದು ನಿಮಿಷ ಮುಂಚೆ ಅಲ್ಲಿ ನಿಂತಿರಿ.

8. ಟೈಮ್ ಉಳಿದ್ರೆ: ಒಂಟಿಕೊಪ್ಪಲು, ಯಾದವಗಿರಿ

ರೇಡಿಯೋ ಪ್ರೀತಿ ಇರೋರು ಈ ಕಡೆ ಬನ್ನಿ. ಮಹಾರಾಜ ಕಾಲೇಜಲ್ಲಿ ಸೈಕಾಲಜಿ ಪ್ರೊಫೆಸರ್ ಆಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ವಿಠಲ ವಿಹಾರದಲ್ಲಿ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಕೊಂಡು ರೇಡಿಯೋ ಶುರು ಮಾಡಿದ್ರು, ಆಕಾಶವಾಣಿ ಅಂತ ಹೆಸರು ಹಿಡಿದಿದ್ದು ಆ ಸ್ಟೇಷನ್ನೇ, ಇಡೀ ದೇಶದ ರೇಡಿಯೋಗೆ ಆ ಹೆಸರು ಬಂದಿದ್ದು ಆಮೇಲೆ. ಈಗಿನ ಆಕಾಶವಾಣಿ ಕೇಂದ್ರ ಯಾದವಗಿರೀಲಿದೆ, ಒಳಗೆ ಬಿಡೋದು ಅನುಮತಿ ಇದ್ರೆ ಮಾತ್ರ.

ಯಾದವಗಿರಿಯಲ್ಲೇ ಆರ್.ಕೆ. ನಾರಾಯಣ್ ಅವರ ಮನೆ ಇದೆ, 2016ರಿಂದ ಮ್ಯೂಸಿಯಂ. ಕುವೆಂಪು ಅವರ ಮನೆ 'ಉದಯರವಿ' ಒಂಟಿಕೊಪ್ಪಲು ಕಡೆ, ಆದ್ರೆ ಅದು ಮನೆ, ಮ್ಯೂಸಿಯಂ ಅಲ್ಲ. ರಸ್ತೆಯಿಂದ ನೋಡಿ ಹೋಗಿ, ಬೆಲ್ ಒತ್ತೋದು, ಗೇಟಲ್ಲಿ ರೀಲ್ಸ್ ಮಾಡೋದು ಬೇಡ.

ರೈಲ್ವೆ ಮ್ಯೂಸಿಯಂ ಹತ್ರದಲ್ಲೇ, 1979ರದ್ದು, ಮಹಾರಾಣಿಯವರ ಸಲೂನ್ ಬೋಗಿ ನೋಡಿ. ಅದರ ಎದುರು ಕಾಣೋ ಸಿಎಫ್‌ಟಿಆರ್‌ಐ ಬಂಗಲೆ ಇನ್ನೊಬ್ಬ ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗೆ ಕಟ್ಟಿಸಿದ್ದು, ಈಗ ಆಹಾರ ಸಂಶೋಧನೆ ನಡೆಯೋ ಜಾಗ, ಹೊರಗಿಂದಷ್ಟೇ.

9. ಸಂಜೆ: ರಂಗಾಯಣ

ಹುಣಸೂರು ರೋಡಲ್ಲಿ ಕಲಾಮಂದಿರದ ಆವರಣದಲ್ಲಿದೆ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ನಾಟಕ ಸಂಸ್ಥೆ. ಸಾಮಾನ್ಯವಾಗಿ ವಾರಾಂತ್ಯದಲ್ಲಿ ನಾಟಕ ಇರುತ್ತೆ, ಹಂಗಾಗಿ ನಿಮ್ಮ ಎರಡು ದಿನದ ಜೊತೆ ಶನಿವಾರ ಸಂಜೆ ಸೇರಿಸ್ಕೊಳ್ಳೋಕಾದ್ರೆ ಸೇರಿಸ್ಕೊಳ್ಳಿ. ಭೂಮಿಗೀತದಲ್ಲಿ ನಾಟಕ ಇದ್ರೆ ಅರ್ಧ ಗಂಟೆ ಮುಂಚೆ ಹೋಗಿ, ಚಿಕ್ಕ ರಂಗಮಂದಿರ, ಸೀಟು ಬೇಗ ತುಂಬುತ್ತೆ. ಬಹುರೂಪಿ ನಾಟಕೋತ್ಸವ ನಡೆಯೋ ವಾರ ಸಿಕ್ರೆ ಬೇರೆ ಎಲ್ಲಾ ಪ್ಲಾನ್ ಬಿಟ್ಟು ಇಲ್ಲೇ ಕೂತ್ಕೊಳ್ಳಿ, ಬೇರೆ ಭಾಷೆ ನಾಟಕ, ಜಾನಪದ ತಂಡಗಳು, ಪುಸ್ತಕ, ಊಟದ ಅಂಗಡಿ ಎಲ್ಲಾ ಒಂದೇ ಕಡೆ.

ನಾಟಕ ಮುಗಿಯೋ ಹೊತ್ತಿಗೆ ಸಿಟಿ ಬಸ್ ಕಮ್ಮಿ ಆಗಿರುತ್ತೆ. ವಾಪಸ್ ಹೋಗೋಕೆ ಆಟೋಗೆ ಮುಂಚೆನೇ ಹೇಳಿಟ್ಟಿರಿ, ಬೆಂಗಳೂರು ಟ್ರೈನ್ ಹಿಡಿಯೋರು ಅವತ್ತು ಇಲ್ಲೇ ಉಳ್ಕೊಂಡು ಬೆಳಗ್ಗೆ ಹೊರಡಿ.